ಲೈಬ್ರರಿಯಲ್ಲೊಂದು ಮಿಕ್ಸಿ

ಮನೆಯಲ್ಲಿ ಯಾರೂ ಸದ್ದು ಮಾಡದೆ ಇದ್ದರೆ ನನಗೆ ಓದಲು ಆಗುವುದಿಲ್ಲ. ಗುಬ್ಬಿಯ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುವ ನಾನು ತರಗತಿಯಲ್ಲಿ ‘ಸೈಲೆನ್ಸ್’ ಎಂದು ದಿನಕ್ಕೆ ಹತ್ತು ಸಲ ಮೇಜು ಕುಟ್ಟುತ್ತೇನೆ. ಮನೆಗೆ ಬಂದ ಮೇಲೆ ಅದೇ ಸೈಲೆನ್ಸಿಗೆ ಹೆದರುತ್ತೇನೆ. ಹೋದ ಭಾನುವಾರ ಮಧ್ಯಾಹ್ನ ಟೆಸ್ಟ್ ಪೇಪರುಗಳ ಕಟ್ಟು ಮುಂದಿಟ್ಟುಕೊಂಡು ಕೂತಿದ್ದೆ. ಗಂಡ ಮಲಗಿದ್ದರು. ಬೀದಿ ಮಲಗಿತ್ತು. ಕರೆಂಟು ಹೋಗಿ ಫ್ಯಾನೂ ಮಲಗಿತ್ತು. ಮೂರು ಪೇಪರು ತಿದ್ದುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಆಗ ಮೊಬೈಲು ತೆಗೆದು ನನ್ನ ಗುಟ್ಟಿನ ಮದ್ದು ಹಾಕಿಕೊಂಡೆ. ಅದು ಹಾಡಲ್ಲ, ಪ್ರವಚನವೂ ಅಲ್ಲ. ಯಾವುದೋ ಊರಿನ ಯಾವುದೋ ಕೆಫೆಯ ಸದ್ದನ್ನು ಯಾರೋ ಪುಣ್ಯಾತ್ಮರು ಗಂಟೆಗಟ್ಟಲೆ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಲೋಟ ತಾಗುತ್ತದೆ, ಕುರ್ಚಿ ಎಳೆಯುತ್ತಾರೆ, ದೂರದಲ್ಲಿ ಯಾರೋ ನಗುತ್ತಾರೆ. ಅಷ್ಟೆ.

ಅತ್ತೆ ಬಾಗಿಲಲ್ಲಿ ಬಂದು ನಿಂತರು.

“ಇದೇನವ್ವ, ಹೋಟ್ಲಲ್ಲಿ ಪಾತ್ರೆ ತೊಳ್ಯೋದ್ನ ಮೊಬೈಲಲ್ಲಿ ಕೇಳ್ತಾ ಕೂತಿದೀಯ?”

“ಹಿಂಗಿದ್ರೆ ಓದೋಕಾಗುತ್ತೆ ಅತ್ತೆ.”

“ಅದಕ್ಯಾಕೆ ಮೊಬೈಲು? ಅಡುಗೆಮನೇಗ್ ಬಂದ್ ಕೂತ್ಕೊ. ನಾನೇ ಮಾಡ್ತೀನಿ, ನಿಂಗ್ ಬೇಕಾದಷ್ಟು.”

ಮಾಡಿದರು ಕೂಡ. ಅವರು ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸುವಷ್ಟರಲ್ಲಿ ನಾನು ನೆಲದ ಮೇಲೆ ಕೂತು ಇಪ್ಪತ್ತು ಪೇಪರು ತಿದ್ದಿ ಮುಗಿಸಿದೆ. ಆದರೆ ಮನಸ್ಸು ಮಾತ್ರ ಪೇಪರಿನ ಮೇಲಿರಲಿಲ್ಲ. ಅದು ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಉಪ್ಪಾರಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ಎಂಎಸ್ಸಿ ದಿನಗಳಲ್ಲಿ ನಾನು ಕೂತು ಓದುತ್ತಿದ್ದ ಕೆಫೆಯ ಮುಂದೆ ಇಳಿದುಬಿಟ್ಟಿತ್ತು.

ಈ ಅಭ್ಯಾಸಕ್ಕೆ ಆ ಕೆಫೆಯೊಂದನ್ನೇ ದೂರುವುದು ತಪ್ಪು. ನಮ್ಮೂರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಹತ್ತನೇ ಕ್ಲಾಸಿನವರೆಗೂ ನಾನು ಓದಿದ್ದು ತೆಂಗಿನಕಾಯಿ ಸುರಿಯುವ ಕೊಟ್ಟಿಗೆಯ ಮೂಲೆಯಲ್ಲಿ. ಅಪ್ಪ ಆ ಕಡೆ ಹಾರೆ ನೆಟ್ಟು ಕಾಯಿ ಸುಲಿಯುತ್ತಿದ್ದ, ಈ ಕಡೆ ನಾನು ಮಗ್ಗಿ ಹೇಳುತ್ತಿದ್ದೆ. ಚರ್ರ್ ಎಂದು ಸಿಪ್ಪೆ ಬಿಡುವುದು, ದೊಪ್ಪೆಂದು ಕಾಯಿ ರಾಶಿಗೆ ಬೀಳುವುದು, ಆಮೇಲೆ ನನ್ನ ‘ಹದಿಮೂರೊಂದ್ಲ ಹದಿಮೂರು’. ಕಾಯಿ ಬೀಳುವುದು ತಡವಾದರೆ ಮಗ್ಗಿಯೂ ನಿಲ್ಲುತ್ತಿತ್ತು. ಅಟ್ಟದ ಮೇಲೆ ಕೊಬ್ಬರಿಗೆ ಬಿಟ್ಟ ಕಾಯಿಗಳಿದ್ದವು. ಒಣಗಿದ್ದನ್ನು ಕಿವಿಯ ಹತ್ತಿರ ಹಿಡಿದು ಆಡಿಸಿದರೆ ಒಳಗೆ ಕೊಬ್ಬರಿ ಗಿಟುಕು ಲೊಡಲೊಡ ಅನ್ನುತ್ತದೆ. ಬೇಸಿಗೆಯ ರಜೆಯಲ್ಲಿ ಅಲ್ಲೇ ಒರಗಿ, ಹೆಂಚಿನ ಸಂದಿಯಿಂದ ಇಳಿದ ಬಿಸಿಲ ಕೋಲಿನಲ್ಲಿ ಧೂಳು ತೇಲುವುದನ್ನು ನೋಡುತ್ತಾ, ಕೈಯಲ್ಲೊಂದು ಕಾಯಿ ಆಡಿಸುತ್ತಾ, ಓದುತ್ತಿದ್ದೇನೆ ಎಂದು ನಂಬಿಕೊಂಡು ಎಷ್ಟು ಮಧ್ಯಾಹ್ನಗಳನ್ನು ಕಳೆದೆನೋ.

ಎಂಎಸ್ಸಿಗೆಂದು ತುಮಕೂರಿಗೆ ಬಂದಾಗ ಮರಳೂರಿನ ಒಂದು ಪೀಜಿಯಲ್ಲಿ ಸೇರಿಕೊಂಡೆ. ಒಂದು ರೂಮು, ನಾಲ್ಕು ಮಂಚ, ನಾಲ್ಕು ಮೊಬೈಲು, ನಾಲ್ಕು ಬಗೆಯ ಅಳು ನಗು. ಅಲ್ಲಿ ಸದ್ದೇನೋ ಇತ್ತು, ಆದರೆ ಪ್ರತಿ ಸದ್ದಿಗೂ ಒಂದು ಕತೆ ಇತ್ತು; ಕತೆ ಇದ್ದರೆ ಕಿವಿ ಅತ್ತ ಹೋಗುತ್ತದೆ. ಕಾಲೇಜಿನ ಲೈಬ್ರರಿಗೆ ಹೋದರೆ ಪುಟ ತಿರುವಿದ್ದಕ್ಕೂ ಯಾರಾದರೂ ತಲೆಯೆತ್ತಿ ನೋಡುತ್ತಿದ್ದರು. ನನಗೆ ಕೆಮ್ಮು ಬರುತ್ತಿದ್ದದ್ದು ಅಲ್ಲಿ ಕೂತಾಗ ಮಾತ್ರ.

ಉಪ್ಪಾರಹಳ್ಳಿಯ ಕೆಫೆಯನ್ನು ತೋರಿಸಿದವಳು ಸಹನಾ. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ ನನ್ನ ಕ್ಲಾಸಿನವಳು. ಸಂಜೆಯ ರೈಲಿಗೆ ಕಾಯಲು ಒಂದು ಜಾಗ ಬೇಕಾಗಿತ್ತು ಅವಳಿಗೆ. ಅದು ಒಂದು ಮನೆಯ ಕೆಳಗಿನ ಕಾರ್ ಶೆಡ್ಡು. ಮುಂದೆ ಗಾಜು ಹಾಕಿಸಿ, ಆರು ಮೇಜು ಇಟ್ಟು, ‘ಕಪ್ಪು’ ಎಂದು ಬೋರ್ಡು ಬರೆಸಿದ್ದರು. ಕಾಫಿಯ ಕಪ್ಪು ಎಂದು ಅವರ ಅರ್ಥ. ಬಣ್ಣದಂಗಡಿ ಎಂದುಕೊಂಡು ಬಂದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅದರ ಒಡತಿ ವನಜಕ್ಕ. ಐವತ್ತರ ಆಸುಪಾಸು, ಹತ್ತಿಯ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ. ಕಾಫಿಯ ನೊರೆಯ ಮೇಲೆ ಚಿತ್ರ ಬಿಡಿಸುವುದನ್ನು ಮೊಬೈಲು ನೋಡಿ ಕಲಿತಿದ್ದರು. ಅವರು ಬಿಡಿಸುತ್ತಿದ್ದದ್ದು ಹೃದಯ, ಅದು ಆಗುತ್ತಿದ್ದದ್ದು ವೀಳ್ಯದೆಲೆ. ಯಾರಾದರೂ ನಕ್ಕರೆ, “ಎಲೆ ಶುಭ ಕಣ್ರೋ, ಕುಡೀರಿ” ಅನ್ನುತ್ತಿದ್ದರು. ಇಷ್ಟು ಹೊತ್ತಿಗಿಂತ ಹೆಚ್ಚು ಕೂರಬಾರದು ಎಂದು ಬೇರೆ ಕಡೆ ಗೋಡೆಗೆ ಅಂಟಿಸಿರುತ್ತಾರಲ್ಲ, ಅಂಥದ್ದೇನೂ ಅಲ್ಲಿರಲಿಲ್ಲ. ಲಾ ಓದುವ ಒಬ್ಬ ದಿನಾ ಊಟವಾದ ಮೇಲೆ ಬಂದು ದಪ್ಪ ಪುಸ್ತಕದ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗುತ್ತಿದ್ದ. ನಾಲ್ಕಕ್ಕೆ ವನಜಕ್ಕ ಬಂದು ಭುಜ ತಟ್ಟುತ್ತಿದ್ದರು: “ಏಳಪ್ಪ, ಬಾಯಿ ಒರ್ಸ್ಕೊ. ನಿನ್ ಸಂವಿಧಾನ ಒದ್ದೆ ಆಯ್ತೈತೆ.”

ಆ ಮಧ್ಯಾಹ್ನಗಳನ್ನು ಈಗ ನೆನೆದರೆ ಅವು ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಮಧ್ಯಾಹ್ನವಾಗಿ ಕಾಣುತ್ತವೆ. ಹೊರಗೆ ಹೊಂಗೆಮರ. ಗಾಜಿನ ಮೇಲೆ ಅದರ ನೆರಳು ಆಡುತ್ತಿತ್ತು, ಗಾಜಿನಿಂದ ಮೇಜಿಗೆ ಇಳಿಯುತ್ತಿತ್ತು, ಮೇಜಿನಿಂದ ನೋಟ್‌ಬುಕ್ಕಿಗೆ. ಬರೆದ ಅಕ್ಷರವೂ ಎಲೆಯ ನೆರಳೂ ಒಂದರ ಮೇಲೊಂದು ಬಿದ್ದು, ನಾನು ಬರೆದದ್ದು ಯಾವುದು, ಬಿಸಿಲು ಬರೆದದ್ದು ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ಹಾಲು ಕಾಯಿಸುವ ಮೆಷಿನ್ನು ಉಸಿರು ಬಿಟ್ಟಾಗ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿ, ಅದು ಮುಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಒಂದು ಕಾಫಿಯನ್ನು ಎರಡು ಗಂಟೆ ಕುಡಿಯುವ ವಿದ್ಯೆಯನ್ನು ನಾನು ಕಲಿತದ್ದು ಅಲ್ಲಿಯೇ. ಬೇರೆ ವಿದ್ಯೆಗಳು ಅಷ್ಟು ಬೇಗ ಬರಲಿಲ್ಲ.

ಮನೆಗೆ ಮಾತ್ರ ಕೆಫೆಯ ವಿಷಯ ಹೇಳಿರಲಿಲ್ಲ. ನಮ್ಮ ಕಡೆ ಹೆಣ್ಣುಮಗಳು ಹೋಟೆಲಿನಲ್ಲಿ ಕೂರುತ್ತಾಳೆ ಎಂದರೆ ಅದಕ್ಕೆ ಬೇರೆಯದೇ ಅರ್ಥ ಬರುತ್ತದೆ. ಸಂಜೆ ಫೋನು ಬಂದಾಗಲೆಲ್ಲ ‘ಲೈಬ್ರರೀಲಿದೀನಿ’ ಅನ್ನುತ್ತಿದ್ದೆ. ಒಂದು ದಿನ ಹಾಗೆ ಅನ್ನುವಾಗಲೇ ವನಜಕ್ಕ ಮಿಕ್ಸಿ ಹಾಕಿದರು.

“ಲೈಬ್ರರೀಲಿ ಮಿಕ್ಸಿ ಯಾಕೆ ಕೂಗ್ತೈತೆ?” ಎಂದಳು ಅಮ್ಮ.

“ಅದು... ರಿಪೇರಿ ನಡೀತಾ ಐತಮ್ಮ. ಗೋಡೆ ಕೊರೀತಾವ್ರೆ.”

ಆ ಗೋಡೆ ಕೊರೆಯುವ ಕೆಲಸ ಒಂದು ವರ್ಷ ನಡೆಯಿತು. ಅಮ್ಮ ಪಾಪ, ದಿನಾ ಕೇಳುತ್ತಿದ್ದಳು: “ಇನ್ನೂ ಮುಗೀಲಿಲ್ವಾ? ಧೂಳು ಕುಡೀಬ್ಯಾಡ ಮಗಾ, ಮೂಗಿಗೆ ಬಟ್ಟೆ ಕಟ್ಕೊ.”

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದದ್ದೂ ಅದೇ ಮೇಜಿನ ಮುಂದೆ. ಸಹನಾ ತನ್ನದು ನೋಡಿ ಮುಗುಳ್ನಕ್ಕಳು. ನಾನು ನನ್ನದು ನೋಡಿದೆ. ಕ್ವಾಂಟಮ್ ಕೆಮಿಸ್ಟ್ರಿ ಹೋಗಿತ್ತು. ಊರಿನ ಶಾಲೆಯಲ್ಲಿ ನಾನು ಫಸ್ಟು, ಕುಣಿಗಲ್ಲಿನ ಕಾಲೇಜಿನಲ್ಲಿ ಫಸ್ಟು. ಫೇಲ್ ಎಂಬುದು ಬೇರೆಯವರಿಗೆ ಬರುವ ಕಾಯಿಲೆ ಎಂದುಕೊಂಡಿದ್ದವಳು. ಅಪ್ಪ ಫೋನು ಮಾಡಿದಾಗ ಬಾಯಿ ತಾನಾಗಿ “ಎಲ್ಲ ಪಾಸಾಗೈತೆ ಅಪ್ಪ” ಎಂದಿತು. ಲೈಬ್ರರಿಯ ಸುಳ್ಳಿಗೆ ನಗು ಬರುತ್ತಿತ್ತು. ಈ ಸುಳ್ಳು ಅನ್ನ ಇಳಿಯಲು ಬಿಡಲಿಲ್ಲ.

ಆ ಪೇಪರನ್ನು ಮತ್ತೆ ಕಟ್ಟಬೇಕಿತ್ತು. ಸಹನಾ, ನಮ್ಮಿಬ್ಬರಿಗೂ ಬೇಕಾದ ನವೀನ ಎಂಬ ಕ್ಲಾಸಿನ ಹುಡುಗ, ಇಬ್ಬರೂ ನನ್ನನ್ನು ದತ್ತು ತೆಗೆದುಕೊಂಡವರ ಹಾಗೆ ಹಿಡಿದು ಕೂರಿಸಿದರು. ನವೀನ ಟಿಶ್ಯೂ ಪೇಪರಿನ ಮೇಲೆ ಅಲೆಗಳನ್ನು ಬರೆದು ವಿವರಿಸುತ್ತಿದ್ದ. ಎಲೆಕ್ಟ್ರಾನು ಇಂಥ ಕಡೆಯೇ ಇದೆ ಎಂದು ಹೇಳಲಾಗುವುದಿಲ್ಲ, ಇರಬಹುದು ಎಂದಷ್ಟೇ ಹೇಳಬಹುದು ಎನ್ನುತ್ತಿದ್ದ. “ನಮ್ಮಮ್ಮಂಗೆ ನಾನೂ ಹಂಗೇ ಬುಡು,” ಎಂದು ನಾನು ನಗಿಸುತ್ತಿದ್ದೆ. ನಗಿಸುವುದು ಗೊತ್ತಿತ್ತು; ಲೆಕ್ಕ ಬಿಡಿಸುವುದು ಗೊತ್ತಿರಲಿಲ್ಲ.

ಒಂದು ಗುರುವಾರ ನಗಿಸಲೂ ಆಗಲಿಲ್ಲ. ನಾನು ಯಾವಾಗಲೂ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ, ಚಾರ್ಜರಿನ ಪ್ಲಗ್ಗು ಅಲ್ಲಿತ್ತು. ನವೀನ ಒಂದು ಲೆಕ್ಕವನ್ನು ಮೂರನೇ ಸಲ ಹೇಳಿಕೊಟ್ಟು ಹೊರಟುಹೋದ. ಸಹನಾ ಅದನ್ನೇ ಕೇಳಿದಳು. ನನಗೆ ಮೊದಲನೆಯ ಸಾಲೂ ಬರಲಿಲ್ಲ.

“ಪರ್ವಾಗಿಲ್ಲ ಕಣೇ, ಇನ್ನೊಂದ್ಸಲ ನೋಡಣ,” ಎಂದಳು.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದೆ. ಅಳು ನನ್ನ ಲೆಕ್ಕವನ್ನು ಮೀರಿ ಸದ್ದು ಮಾಡಿತು. ಸುತ್ತಲಿನ ಮಾತು ನಿಂತದ್ದು ಕೇಳಿಸಿತು. ಅಷ್ಟರಲ್ಲಿ ಮಿಕ್ಸಿ ಶುರುವಾಯಿತು. ಸುಮಾರು ಹೊತ್ತು ಓಡಿತು. ಸಹನಾ ಆಮೇಲೆ ಹೇಳಿದಳು, ಜಾರಿನಲ್ಲಿ ಏನೂ ಇರಲಿಲ್ಲವಂತೆ. ವನಜಕ್ಕ ಖಾಲಿ ಮಿಕ್ಸಿ ಓಡಿಸುತ್ತಾ ಎಲ್ಲರನ್ನೂ ಕಣ್ಣಲ್ಲೇ ಗದರುತ್ತಿದ್ದರಂತೆ, ನಿಮ್ಮ ನಿಮ್ಮ ಪುಸ್ತಕ ನೋಡಿಕೊಳ್ಳಿ ಎಂದು.

ಆ ಭಾನುವಾರ ಊರಿಗೆ ಹೋದೆ. ಊಟಕ್ಕೆ ಅಪ್ಪನ ತಮ್ಮ, ನಮ್ಮ ಚಿಕ್ಕಪ್ಪ, ಬಂದಿದ್ದ. ಮುದ್ದೆ ಬಡಿಸಿ ಅಮ್ಮ ಸಾರು ಬಿಡುವ ಮೊದಲೇ ಮಾತು ತೆಗೆದ.

“ಅಣ್ಣ, ಅವತ್ತು ನಾನ್ ಹೇಳಿದ್ನಲ್ಲ, ಇವಳನ್ನೇ ಕೇಳು. ಎಲ್ ಕೂತ್ಕೊಂಡ್ ಓದ್ತಾಳೆ ಅಂತ ಕೇಳು. ಉಪ್ಪಾರಳ್ಳೀಲಿ ಕಾಫಿ ಅಂಗ್ಡಿ ಗಾಜ್ನಾಗೆ ನಾನೇ ನೋಡೀನಿ. ಹುಡ್ಗರ ಜೊತೆ ನಕ್ಕಂಡ್ ಕೂತಿದ್ಲು. ಸಾಕು ಕರ್ಕೊಂಡ್ ಬಾ. ಮನೇಲೇ ಕೂತು ಓದಿ ಪರೀಕ್ಷೆ ಬರೀಲಿ.”

ಅಮ್ಮನ ಕೈಯಲ್ಲಿ ಸೌಟು ನಿಂತಿತು. ನನಗೆ ಗೋಡೆ ಕೊರೆಯುವ ಮೆಷಿನ್ನು, ಧೂಳು, ಮೂಗಿನ ಬಟ್ಟೆ ಎಲ್ಲ ಒಟ್ಟಿಗೆ ನೆನಪಾದವು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಪ್ಪ ಮುದ್ದೆ ಮುರಿಯುತ್ತಾ, ತಲೆಯೆತ್ತದೆ ಹೇಳಿದ:

“ನಾನೇ ಹೋಗಿ ನೋಡ್ಕೊಂಡ್ ಬಂದೀನಿ ಬುಡು. ಗುರುವಾರ ಹೋಗಿದ್ದೆ. ಒಂದ್ ಗಂಟೆ ಕೂತಿದ್ದೆ ಅಲ್ಲೇ. ಓದ್ತಾರೆ.”

“ಹುಡ್ಗ ಇರ್ಲಿಲ್ವಾ?”

“ಇದ್ದ. ಕಾಗ್ದದ್ ಮ್ಯಾಲೆ ಗೀಚಿ ಗೀಚಿ ಏನೋ ಹೇಳ್ಕೊಡ್ತಿದ್ದ, ಪಾಪ. ನೀನೂ ಹೋಗು ಒಂದಿನ. ಕಾಫಿ ಚೆನ್ನಾಗೈತೆ.”

ಚಿಕ್ಕಪ್ಪ ಮುದ್ದೆಗೆ ಕೈ ಹಾಕಿದ. ಅಮ್ಮ ಸಾರು ಬಿಟ್ಟಳು. ಗುರುವಾರ ಎಂದರೆ ನಾನು ಕೆಫೆಯಲ್ಲಿ ಅತ್ತ ದಿನ.

ಮಧ್ಯಾಹ್ನ ಅಪ್ಪ ಮೊಪೆಡ್ಡಿನಲ್ಲಿ ನನ್ನನ್ನು ಕುಣಿಗಲ್ ಬಸ್‌ಸ್ಟ್ಯಾಂಡಿಗೆ ಬಿಡಲು ಹೊರಟ. ಹಿಂದೆ ಕೂತರೆ ಅಪ್ಪನ ಮುಖ ಕಾಣುವುದಿಲ್ಲ, ಬೆವರಿನ ಬೆನ್ನು, ಹೆಗಲ ಟವಲು, ಅಷ್ಟೆ. ಚಿಕ್ಕಂದಿನಿಂದಲೂ ನಾನು ಅಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ಆ ಬೆನ್ನಿಗೇ ಹೇಳಿದ್ದು. ರಾಗಿ ಹೊಲಗಳು ಎರಡೂ ಕಡೆ ಹಿಂದೆ ಸರಿಯುತ್ತಿದ್ದವು. ಸ್ವಲ್ಪ ದೂರ ಬಂದ ಮೇಲೆ ಅಪ್ಪನೇ ಕೇಳಿದ.

“ಅವತ್ತು ಯಾಕವ್ವ ಅಳ್ತಿದ್ದೆ?”

“ಒಂದ್ ಪೇಪರ್ ಹೋಗೈತೆ ಅಪ್ಪ. ಪಾಸು ಅಂತ ಸುಳ್ಳು ಹೇಳಿದ್ದೆ.”

ಮೊಪೆಡ್ಡು ಅದೇ ವೇಗದಲ್ಲಿ ಹೋಗುತ್ತಲೇ ಇತ್ತು. ಕೆರೆ ಕಾಣುವ ಕಡೆ ಬಂದಾಗ ಅಪ್ಪ ಗಾಡಿ ನಿಲ್ಲಿಸಿ, ಒಂದು ಕಲ್ಲಿನ ಮೇಲೆ ಕೂತ. ನೀರು ಮಧ್ಯಾಹ್ನದ ಬಿಸಿಲಿನಲ್ಲಿ ಎಷ್ಟು ನಿಶ್ಚಲವಾಗಿತ್ತೆಂದರೆ ಆ ದಡದ ತೆಂಗಿನ ಮರಗಳು ಕೆಳಗೂ ಒಂದು ತೋಟ ಮಾಡಿಕೊಂಡಂತಿತ್ತು. ಒಂದು ಬೆಳ್ಳಕ್ಕಿ ಹಾರಿ ಹೋಗಿ ಅಷ್ಟು ದೂರದಲ್ಲಿ ಇಳಿಯಿತು. ಅಪ್ಪ ಅದನ್ನೇ ನೋಡುತ್ತಾ ಹೇಳಿದ:

“ಪಿಯುಸೀಲಿ ನಂದೂ ಇಂಗ್ಲೀಷ್ ಹೋಗಿತ್ತು.”

“ನೀನೇ ಓದೋದು ಬುಟ್ಟೆ ಅಂತಿದ್ಯಲ್ಲ? ತೋಟ ನೋಡ್ಕೊಳ್ಳೋರಿಲ್ಲ ಅಂತ...”

“ಹಂಗಂತ ಹೇಳ್ದೆ. ನಿಮ್ಮಜ್ಜಂಗೂ ಅದೇ ಹೇಳ್ದೆ. ಓದಾಕೆ ನಂಗಿಷ್ಟ ಇಲ್ಲ ಅಂದೆ. ನಿಮ್ಮಮ್ಮಂಗೂ ಗೊತ್ತಿಲ್ಲ ಇದು.” ಟವಲಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದ: “ಇನ್ನೊಂದ್ಸಲ ಕಟ್ಬೋದಾಗಿತ್ತು. ಕಟ್ಬೇಕು ಅಂದ್ರೆ ಫೇಲಾಗೀನಿ ಅಂತ ಯಾರ್ಗಾದ್ರೂ ಹೇಳ್ಬೇಕಲ್ಲವ್ವ. ಅದನ್ ಹೇಳಕ್ಕಾಗ್ದೆ ತೋಟಕ್ಕೆ ಹೋದೆ. ಇಷ್ಟ ಇರ್ಲಿಲ್ಲ ಅಂತ ಹೇಳಿ ಹೇಳಿ, ಇಷ್ಟ ಇತ್ತು ಅನ್ನೋದೇ ಮರ್ತೋಗಿತ್ತು. ಗುರುವಾರ ಅಲ್ ಕೂತಾಗ ನೆಪ್ಪಾಯ್ತು.”

ನನ್ನ ಇಪ್ಪತ್ತೆರಡು ವರ್ಷಕ್ಕೂ ಅಪ್ಪ ಎಂದರೆ ತೋಟ, ತೋಟ ಎಂದರೆ ಅಪ್ಪ. ಆ ತೋಟದ ಹಿಂದೆ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಸುಮ್ಮನೆ ಎದ್ದುಹೋದ ಹದಿನೆಂಟರ ಹುಡುಗನೊಬ್ಬ ಇದ್ದಾನೆಂದು ಯಾರು ಹೇಳಿದ್ದರು? ಪಕ್ಕದಲ್ಲಿ ಕೂತೆ. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ; ಒಂದು ಬಸ್ಸು ತಪ್ಪಿತು, ಇನ್ನೊಂದೂ ತಪ್ಪಿತು.

“ನೀನ್ ಹೇಳ್ದೆ ನೋಡು,” ಎಂದ ಅಪ್ಪ, ಗಾಡಿ ಸ್ಟಾರ್ಟ್ ಮಾಡುತ್ತಾ. “ಅಷ್ಟೇಯ. ಇನ್ ಕಟ್ಟು.”

ಸೋಮವಾರ ಕೆಫೆಗೆ ಹೋದವಳೇ ವನಜಕ್ಕನನ್ನು ಕೇಳಿದೆ. ಅವರಿಗೆ ಚೆನ್ನಾಗಿ ನೆನಪಿತ್ತು.

“ನಿಮ್ಮಪ್ಪನಾ ಅವ್ರು? ಬಿಳೀ ಶರ್ಟು, ಹೆಗಲ್ ಮ್ಯಾಲೆ ಟವಲ್ಲು? ಅಯ್ಯೋ, ನಿನ್ ಹಿಂದ್ಗಡೆ ಮೇಜಲ್ಲೇ ಕೂತಿದ್ರಲ್ಲೇ! ಕಾಫಿ ಕೊಟ್ಟೆ. ಕುಡೀದೆ ನೋಡ್ತಾ ಕೂತ್ರು. ‘ಯಾಕಣ್ಣ, ಚೆನ್ನಾಗಿಲ್ವಾ?’ ಅಂದೆ. ‘ಎಲೆ ಬರ್ದಿದೀರಲ್ಲವ್ವ, ಕೆಡಿಸ್ಬೇಕಲ್ಲ ಅಂತ’ ಅಂದ್ರು. ನೀನು ಅಳೋಕ್ ಶುರು ಮಾಡ್ದಾಗ ಎದ್ ನಿಂತ್ಬುಟ್ರು. ನಾನು ಮಿಕ್ಸಿ ಹಾಕ್ದೆ. ನಿಂತಿದ್ರು, ನಿಂತಿದ್ರು, ಆಮೇಲ್ ಕೂತ್ರು. ಆ ಹುಡ್ಗಿ ನಿನ್ ಬೆನ್ ಸವರ್ತಿದ್ಲಲ್ಲ, ಅದನ್ ನೋಡ್ಕೊಂಡು ಹೊರಟೋದ್ರು.”

ಆ ಎದ್ದು ನಿಂತ ಅಪ್ಪನನ್ನು ನಾನು ನೋಡಲಿಲ್ಲ. ಆದರೂ ನನಗೆ ಅದು ಕಣ್ಣಾರೆ ಕಂಡದ್ದಕ್ಕಿಂತ ಸ್ಪಷ್ಟವಾಗಿದೆ. ನಾಲ್ಕು ಹೆಜ್ಜೆಯ ದೂರ. ನಾನು ಗೋಡೆಯ ಕಡೆ, ಅವನು ನನ್ನ ಬೆನ್ನಿನ ಕಡೆ. ಬಂದು ತಲೆ ಮುಟ್ಟಬಹುದಿತ್ತು. ಮುಟ್ಟಿದ್ದರೆ ನಾನು ಅವತ್ತು ಪುಸ್ತಕ ಮುಚ್ಚಿ ಅವನ ಜೊತೆ ಊರಿಗೇ ಹೋಗಿಬಿಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತೆಂದು ಕಾಣುತ್ತದೆ.

ಅಂದಿನಿಂದ ಅಮ್ಮನ ಫೋನಿಗೆ ‘ಕೆಫೇಲಿದೀನಮ್ಮ’ ಎಂದೇ ಹೇಳಿದೆ. ಅವಳು ಎರಡು ದಿನ ಮುನಿಸಿಕೊಂಡಳು. ಹೋಟೆಲಿನಲ್ಲಿ ಕೂತದ್ದಕ್ಕಲ್ಲ, ಒಂದು ವರ್ಷ ಇಲ್ಲದ ಧೂಳಿಗೆ ತನ್ನನ್ನು ಕೊರಗುವಂತೆ ಮಾಡಿದ್ದಕ್ಕೆ. ನನ್ನ ಓದೂ ಹಗುರಾಯಿತು. ನವೀನನ ಅಲೆಗಳು ಒಂದು ದಿನ ಇದ್ದಕ್ಕಿದ್ದಂತೆ, ಮಂಜು ಸರಿದು ಮರ ಕಾಣುವ ಹಾಗೆ, ಅರ್ಥವಾದವು. ಆ ಸಲ ಪೇಪರು ಪಾಸಾಯಿತು. ಅಂಕ ಹೇಳಿಕೊಳ್ಳುವಷ್ಟಿರಲಿಲ್ಲ, ಆದರೂ ಪಾಸು. ಆದರೆ ನನಗೆ ಹೆಚ್ಚು ನೆನಪಿರುವುದು ಆ ಪರೀಕ್ಷೆಯ ಹಿಂದಿನ ದಿನ.

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಅಪ್ಪ ಕೆಫೆಗೆ ಬಂದ. ಈ ಸಲ ಹಿಂದಿನ ಮೇಜಿಗಲ್ಲ, ನೇರ ನಮ್ಮ ಮೇಜಿಗೆ. ಕೈಯಲ್ಲಿ ಅಮ್ಮ ಕೊಟ್ಟ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿಯ ಡಬ್ಬಿ. ವನಜಕ್ಕ ತಾವೇ ತಟ್ಟೆ ತಂದು, ತಮಗೂ ಒಂದು ರೊಟ್ಟಿ ಎತ್ತಿಕೊಂಡು ಹೋದರು. ಸಹನಾ ನನಗೆ ಪ್ರಶ್ನೆ ಕೇಳುತ್ತಿದ್ದಳು. ಅವಳ ಕೈ ಚಟ್ನಿಪುಡಿಯಾಗಿತ್ತು. ಪುಸ್ತಕ ಕೆಡುತ್ತದೆಂದು ಅಪ್ಪ ಅದನ್ನು ಈಚೆ ಎಳೆದುಕೊಂಡ.

“ನೀನ್ ತಿನ್ನವ್ವ. ನಾನ್ ಕೇಳ್ತೀನಿ.”

“ಇಂಗ್ಲೀಷಲ್ಲೈತೆ ಅಂಕಲ್,” ಎಂದಳು ಸಹನಾ, ಗೊತ್ತಿಲ್ಲದೆ.

“ಕಾಣ್ತೈತೆ,” ಎಂದ ಅಪ್ಪ.

ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಸಾಲಿನ ಕೆಳಗೆ ಬೆರಳಿಟ್ಟ. ಕಾಯಿ ಸುಲಿದು ಸುಲಿದು ಉಗುರು ಸೀಳಿದ ಬೆರಳು. ಒಂದೊಂದೇ ಅಕ್ಷರ ಕೂಡಿಸಿ, ತಡವರಿಸಿ, ಮತ್ತೆ ಹಿಂದೆ ಹೋಗಿ, ಪ್ರಶ್ನೆಯನ್ನು ಪೂರ್ತಿ ಓದಿದ. ಪಕ್ಕದ ಮೇಜಿನ ಹುಡುಗರು ತಿರುಗಿ ನೋಡಿದರು. ಅಪ್ಪ ಅವರ ಕಡೆ ನೋಡಲಿಲ್ಲ. ನಾನು ಉತ್ತರ ಹೇಳಿದೆ. ಅದು ಸರಿಯೋ ತಪ್ಪೋ ಅವನಿಗೆ ತಿಳಿಯುವ ಬಗೆಯೇ ಇರಲಿಲ್ಲ. ಅದಕ್ಕೆ ನಾನು ಹೇಳಿ ಮುಗಿಸಿದ ತಕ್ಷಣ ಅವನು ಸಹನಾಳ ಮುಖ ನೋಡುತ್ತಿದ್ದ. ಅವಳು ರೊಟ್ಟಿ ಅಗಿಯುತ್ತಾ ತಲೆಯಾಡಿಸಿದರೆ, ಬೆರಳನ್ನು ಮುಂದಿನ ಪ್ರಶ್ನೆಗೆ ಇಳಿಸುತ್ತಿದ್ದ. ಆಡಿಸದಿದ್ದರೆ ಬೆರಳು ಅಲ್ಲೇ ನಿಲ್ಲುತ್ತಿತ್ತು, ಮತ್ತು ಅಪ್ಪ ಸ್ವಲ್ಪವೂ ಅವಸರವಿಲ್ಲದೆ ಅದೇ ಪ್ರಶ್ನೆಯನ್ನು ಮೊದಲಿನಿಂದ ಓದುತ್ತಿದ್ದ.